ಪಟ್ಟಣ ಪಂಚಾಯಿತಿಗೆ ನಿಲ್ಲಲಾ, ಅಕ್ಕಾ?

(ಕರಾವಳಿಯ ಪುರಸಭೆಯೊಂದರಲ್ಲಿ ಸದಸ್ಯೆಯಾಗಿದ್ದ ಲೇಖಕಿ ಈ ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಅಕ್ಕಾ, ನಾನು ಮೀನು ಮಾರುವವಳು. ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತೇನೆ. ಈ ಸಲದ ಪಟ್ಟಣ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ವಾರ್ಡು ಹಿಂದುಳಿದ ವರ್ಗ-ಎ ಮಹಿಳೆಗೆ ಮೀಸಲಾಗುತ್ತದೆ ಅಂತ ಮಾತು. ಕೇರಿಯವರು ನೀನೇ ನಿಲ್ಲು ಅನ್ನುತ್ತಿದ್ದಾರೆ. ಆದರೆ ಹೋದಲ್ಲೆಲ್ಲ ಒಂದೇ ಕೇಳ್ತಾರೆ, ‘ಗೆದ್ದರೆ ಕೊರೆತ ತಡೆಯಲು ಕಡಲಿಗೆ ಕಲ್ಲು ಹಾಕಿಸ್ತೀಯಾ?’ ನಾನು ಓದಿದ್ದು ಎಂಟನೇ ಕ್ಲಾಸು. ಏನು ಹೇಳಲಿ?
— ಓದುಗರೊಬ್ಬರು, ಉತ್ತರ ಕನ್ನಡ

ಉತ್ತರ: ನಿಲ್ಲಿ ತಂಗಿ. ಎಂಟನೇ ಕ್ಲಾಸು ಸಾಕು. 21 ವರ್ಷ ತುಂಬಿರಬೇಕು, ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಇಷ್ಟೇ ಓದಿರಬೇಕು ಅಂತ ಕಾನೂನು ಎಲ್ಲೂ ಹೇಳಿಲ್ಲ. ಸಂಘದ ಲೆಕ್ಕ ತಪ್ಪದೆ ಬರೆಯುವವಳಿಗೆ ಪಟ್ಟಣ ಪಂಚಾಯಿತಿಯ ಜಮಾ-ಖರ್ಚು ಅರ್ಥವಾಗದೇ ಇರುವುದಿಲ್ಲ.

ಆದರೆ ಕಡಲಿಗೆ ಕಲ್ಲು ಹಾಕಿಸ್ತೇನೆ ಅಂತ ದಯವಿಟ್ಟು ಹೇಳಬೇಡಿ. ಅದು ಪಟ್ಟಣ ಪಂಚಾಯಿತಿಯ ಕೈಯಲ್ಲಿ ಇಲ್ಲ. ತಡೆಗೋಡೆ ಕಟ್ಟುವುದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ. ಉಳ್ಳಾಲದ ಕಡಲ ಕೊರೆತ ತಡೆಯಲು ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ತರಬೇಕಾಯಿತು. ಅಂಥ ಕೆಲಸಕ್ಕೆ ನಮ್ಮ ಪುರಸಭೆಗಳ ಗಲ್ಲಾ ಎಲ್ಲಿ ಸಾಲುತ್ತದೆ? ಮೀನುಗಾರಿಕೆ ಬಂದರು ಇನ್ನೊಂದು ಇಲಾಖೆಯದು. ಹೆದ್ದಾರಿ 66 ಕೇಂದ್ರದ್ದು. ಕರೆಂಟು ಹೆಸ್ಕಾಂನದ್ದು. ಕಡಲ ಹತ್ತಿರ ಮನೆ ಕಟ್ಟಲು ಅಡ್ಡ ಬರುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮವೂ ದಿಲ್ಲಿಯಿಂದ ಬಂದದ್ದು. ಮೊದಲು 1991ರಲ್ಲಿ ಬಂತು, 2011ರಲ್ಲಿ ಮತ್ತು 2019ರಲ್ಲಿ ಬದಲಾಯಿತು. ಪಟ್ಟಣ ಪಂಚಾಯಿತಿ ಠರಾವು ಮಾಡಿ ಅದನ್ನು ಸರಿಸಲು ಬರುವುದಿಲ್ಲ.

ಹಾಗಾದರೆ ನಿಮ್ಮ ಕೈಯಲ್ಲಿ ಏನಿದೆ? ಕುಡಿಯುವ ನೀರು, ಚರಂಡಿ, ಕಸ, ಬೀದಿ ದೀಪ, ಒಳರಸ್ತೆ, ಮೀನು ಮಾರುಕಟ್ಟೆ, ಸ್ಮಶಾನ, ಮನೆಯ ಖಾತೆ. ಇವು ಸಣ್ಣವು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಏಪ್ರಿಲ್ ಬಂತು ಅಂದರೆ ಬಾವಿ ನೀರು ಉಪ್ಪಾಗುವ ಕೇರಿಯಲ್ಲಿ ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತದೆ, ಯಾರ ಮನೆ ಮುಂದೆ ಮೊದಲು ನಿಲ್ಲುತ್ತದೆ ಅನ್ನುವುದಕ್ಕಿಂತ ದೊಡ್ಡ ವಿಷಯ ಯಾವುದಿದೆ? ಮಾರುಕಟ್ಟೆಯ ನೆಲ ತೊಳೆಯಲು ನಲ್ಲಿ ಇದೆಯಾ, ಹೆಂಗಸರಿಗೆ ಬಾಗಿಲು ಸರಿಯಾಗಿ ಹಾಕಿಕೊಳ್ಳುವ ಶೌಚಾಲಯ ಇದೆಯಾ? ಇದನ್ನು ಬೆಳಗಿನಿಂದ ಬುಟ್ಟಿ ಮುಂದೆ ಕೂರುವ ನಿಮಗಿಂತ ಚೆನ್ನಾಗಿ ಸಭೆಯಲ್ಲಿ ಯಾರು ಹೇಳಬಲ್ಲರು?

ನನ್ನ ವಾರ್ಡಿನ ಒಂದು ತೋಡಿನ ಕಥೆ ಹೇಳುತ್ತೇನೆ. ಅದು ಮನೆಗಳ ಹಿಂದಿನಿಂದ ಹರಿದು ಹೊಳೆ ಸೇರುತ್ತಿತ್ತು. ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರಕ್ಕೆ ಹೊಳೆ ನೀರು ಅದೇ ದಾರಿಯಲ್ಲಿ ವಾಪಸ್ ಬರುತ್ತಿತ್ತು. ಜುಲೈಯಲ್ಲಿ ಮೇಲಿಂದ ಮಳೆ, ಕೆಳಗಿಂದ ಉಬ್ಬರ. ಬಚ್ಚಲಲ್ಲಿ ಏಡಿ ಓಡಾಡುತ್ತಿದ್ದವು, ಒಲೆಯವರೆಗೆ ಕೆಸರು ಬರುತ್ತಿತ್ತು. ಜನ ಕೇಳಿದ್ದು ಕಾಂಕ್ರೀಟ್ ಚರಂಡಿ. ಅಂದಾಜು ಪಟ್ಟಿಯಲ್ಲಿ ಬರೆದದ್ದೂ ಅದೇ. ಆದರೆ ಬಲೆ ಹೆಣೆಯುತ್ತಾ ಕೂತಿದ್ದ ಅಜ್ಜ ಒಬ್ಬರು ಬೇರೆ ಮಾತು ಹೇಳಿದರು. ‘ಕಾಂಕ್ರೀಟ್ ಹಾಕಿದರೆ ಉಪ್ಪುನೀರು ಇನ್ನೂ ಸಲೀಸಾಗಿ ಒಳಗೆ ಬರ್ತದೆ. ಬಾಯಿಗೆ ಹಲಗೆ ಹಾಕಿಸಿ.’ ಅಘನಾಶಿನಿ ಹೊಳೆ ದಂಡೆಯಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಅಂಥ ಹಲಗೆ ಬಾಗಿಲು ಹಿಂದಿನಿಂದಲೂ ಇದೆ. ಉಬ್ಬರಕ್ಕೆ ಮುಚ್ಚುವುದು, ಇಳಿತಕ್ಕೆ ತೆಗೆಯುವುದು. ಇಂಜಿನಿಯರರನ್ನು ಉಬ್ಬರದ ಹೊತ್ತಿಗೇ ಸ್ಥಳಕ್ಕೆ ಕರೆದುಕೊಂಡು ಹೋದೆ. ಪ್ಯಾಂಟು ಮಡಚಿ ನೀರಿಗಿಳಿದು ನೋಡಿದರು, ಒಪ್ಪಿದರು. ಚರಂಡಿಯ ಉದ್ದ ಕಡಿಮೆ ಮಾಡಿ ತೋಡಿನ ಬಾಯಿಗೆ ಬಾಗಿಲು ಸೇರಿಸಿದರು. ಖರ್ಚೂ ಇಳಿಯಿತು. ಅದಕ್ಕೇ ಹೇಳುವುದು, ಪ್ರಚಾರಕ್ಕೆ ಹೋದಾಗ ಮಾತಾಡುವುದಕ್ಕಿಂತ ಜಾಸ್ತಿ ಕೇಳಿಸಿಕೊಳ್ಳಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಮನೆಮನೆಯ ನೀರು, ದೀಪ, ಚರಂಡಿಯ ವಿಷಯ ಬರೆದುಕೊಳ್ಳಿ.

ಕೆಲಸ ಆಗುವ ದಾರಿಯೂ ಗೊತ್ತಿರಲಿ. ಅರ್ಜಿ ಕೊಟ್ಟರೆ ಆಗಲಿಲ್ಲ. ಅಂದಾಜು ಪಟ್ಟಿ ಆಗಬೇಕು, ಕ್ರಿಯಾ ಯೋಜನೆಯಲ್ಲಿ, ಅಂದರೆ ಆ ವರ್ಷದ ಕೆಲಸಗಳ ಪಟ್ಟಿಯಲ್ಲಿ, ಸೇರಬೇಕು, ಸಾಮಾನ್ಯ ಸಭೆಯಲ್ಲಿ ಠರಾವು ಆಗಬೇಕು, ಜಿಲ್ಲೆಯಿಂದ ಮಂಜೂರಾತಿ ಬರಬೇಕು, ಆಮೇಲೆ ಟೆಂಡರ್. ಕ್ರಿಯಾ ಯೋಜನೆಯ ಹೊತ್ತಿಗೆ ಸುಮ್ಮನಿದ್ದರೆ ಆ ವರ್ಷ ಹೋದ ಹಾಗೆಯೇ. ಹಣ ಎಲ್ಲಿಂದ ಬಂತು ಅಂತ ಪ್ರತಿ ಸಲ ಕೇಳಿ. 15ನೇ ಹಣಕಾಸು ಆಯೋಗ ಸಣ್ಣ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60ರಷ್ಟನ್ನು ನೀರು ಮತ್ತು ಸ್ವಚ್ಛತೆಗೇ ಕಟ್ಟಿಟ್ಟಿತ್ತು. ಪರಿಶಿಷ್ಟರಿಗೆ ಶೇ. 24.10, ಅಂಗವಿಕಲರಿಗೆ ಶೇ. 5 ಅಂತ ಬೇರೆ ಲೆಕ್ಕ ಇದೆ. ನಿಮ್ಮ ಕೇರಿಯಲ್ಲಿ ಗಾಲಿಕುರ್ಚಿ ಬೇಕಾದವರು ಇದ್ದರೆ ಅವರ ಪಾಲು ಆ ಶೇ. 5ರಲ್ಲಿದೆ. ಕೇಳದಿದ್ದರೆ ಯಾರೂ ಮನೆಗೆ ತಂದು ಕೊಡುವುದಿಲ್ಲ.

ಕಲ್ಲಿನ ಪ್ರಶ್ನೆಗೆ ನಿಮ್ಮ ಉತ್ತರ ಹೀಗಿರಲಿ: ‘ಹಾಕಿಸೋದು ನನ್ನ ಕೈಯಲ್ಲಿಲ್ಲ. ಸಭೆಯಲ್ಲಿ ಠರಾವು ಮಾಡಿಸ್ತೇನೆ, ಇಲಾಖೆಗೂ ಶಾಸಕರಿಗೂ ಬರೆಯುತ್ತೇನೆ, ಬಂದ ಉತ್ತರವನ್ನು ಕೇರಿಯಲ್ಲಿ ಓದಿ ಹೇಳ್ತೇನೆ.’ ಶಾಸಕರೂ ಸಂಸದರೂ ನಿಮ್ಮ ಸಭೆಗೆ ಸದಸ್ಯರೇ. ಅಲ್ಲೇ ಎದುರಿಗೆ ಕೇಳುವ ಹಕ್ಕು ನಿಮಗಿದೆ.

ಕಾಗದಪತ್ರ ಈಗಲೇ ಸರಿ ಮಾಡಿಕೊಳ್ಳಿ. ಜಾತಿ ಪ್ರಮಾಣಪತ್ರಕ್ಕೆ ತವರಿನ ದಾಖಲೆ ಬೇಕು, ಗಂಡನ ಮನೆಯದಲ್ಲ. ಮನೆ ತೆರಿಗೆ, ನೀರಿನ ಬಿಲ್ಲು ಬಾಕಿ ಇದ್ದರೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಮಾರುಕಟ್ಟೆಯ ವಸೂಲಿ ಗುತ್ತಿಗೆ ನಿಮ್ಮ ಹೆಸರಲ್ಲಿ ಇದ್ದರೆ ನಾಮಪತ್ರಕ್ಕೆ ಮೊದಲೇ ವಕೀಲರನ್ನು ಕೇಳಿ. ಹೊರಗಿದ್ದು ದುಡಿಯುವ ಹುಡುಗರ ಹೆಸರು ಪಟ್ಟಿಯಲ್ಲಿದೆಯಾ ನೋಡಿ. ಗೋವಾ, ಮಲ್ಪೆಯ ಬೋಟಿನಲ್ಲಿರುವವರು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಮನೆಗೆ ಬರುತ್ತಾರೆ. ಹೆಸರು ಸೇರಿಸಲು ನಮೂನೆ-6 ತುಂಬಿಸಲು ಅದೇ ಒಳ್ಳೆ ಹೊತ್ತು.

ಪ್ರಶ್ನೆ: ನಾನು ಪಕ್ಷದ ಹಳೆ ಕಾರ್ಯಕರ್ತ. ಈ ಸಲ ಗೆದ್ದು ಅಧ್ಯಕ್ಷನಾಗಬೇಕು ಅಂತ ಆಸೆ. ಟಿಕೆಟ್ ಸಿಗದಿದ್ದರೆ ಪಕ್ಷೇತರನಾಗಿ ನಿಲ್ಲಲೇ? ಖರ್ಚು ಎಷ್ಟಾಗುತ್ತದೆ?
— ಓದುಗರೊಬ್ಬರು, ಕುಂದಾಪುರ ತಾಲೂಕು

ಉತ್ತರ: ಸಣ್ಣ ಊರಿನ ವಾರ್ಡಿನಲ್ಲಿ ಸಾವಿರದ ಆಸುಪಾಸು ಮತದಾರರು. ಎಲ್ಲರಿಗೂ ನಿಮ್ಮ ಮುಖ ಗೊತ್ತಿದ್ದರೆ ಪಕ್ಷೇತರನಾಗಿಯೂ ಗೆಲ್ಲಬಹುದು. 2018ರ ಚುನಾವಣೆಯಲ್ಲಿ ರಾಜ್ಯ ಚುನಾವಣಾ ಆಯೋಗ ಇಟ್ಟಿದ್ದ ಖರ್ಚಿನ ಮಿತಿ ಪಟ್ಟಣ ಪಂಚಾಯಿತಿಗೆ 1 ಲಕ್ಷ, ಪುರಸಭೆಗೆ ಒಂದೂವರೆ ಲಕ್ಷ. ಈ ಸಲದ್ದನ್ನು ಚುನಾವಣಾಧಿಕಾರಿಯ ಕಚೇರಿಯಲ್ಲಿ ಕೇಳಿ. ಫಲಿತಾಂಶದ ನಂತರ ಲೆಕ್ಕ ಒಪ್ಪಿಸಲೇಬೇಕು. ಸೋತವರೂ ಒಪ್ಪಿಸಬೇಕು.

ಅಧ್ಯಕ್ಷ ಪದವಿಯ ಆಸೆ ಮಾತ್ರ ಬದಿಗಿಡಿ. ಅದರ ಮೀಸಲಾತಿ ಸರ್ಕಾರ ನಿಗದಿ ಮಾಡುತ್ತದೆ, 30 ತಿಂಗಳಿಗೊಮ್ಮೆ ಬದಲಾಗುತ್ತದೆ. 2018ರ ಆಗಸ್ಟ್‌ನ ಚುನಾವಣೆಯಲ್ಲಿ ಗೆದ್ದವರ ಪಾಡು ನೆನಪಿದೆಯಲ್ಲ? ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ, ಅಧ್ಯಕ್ಷರ ಆಯ್ಕೆ ಆಗುವಾಗ 2020 ಮುಗಿಯುತ್ತಾ ಬಂದಿತ್ತು. ಅಲ್ಲಿವರೆಗೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಆ ಎರಡು ವರ್ಷ ಕುರ್ಚಿಗಾಗಿ ಕಾದವರನ್ನು ನೋಡಿದ್ದೇನೆ. ದಿನಾ ಮುಖ್ಯಾಧಿಕಾರಿಯ ಕಚೇರಿಗೆ ಹೋಗಿ ವಾರ್ಡಿನ ದೀಪ ಹತ್ತಿಸಿಕೊಂಡು ಬಂದವರನ್ನೂ ನೋಡಿದ್ದೇನೆ. ಜನರ ಬಾಯಲ್ಲಿ ಹೆಸರು ಉಳಿದದ್ದು ಎರಡನೆಯವರದ್ದು.

ಪ್ರಶ್ನೆ: ನನ್ನ ಹೆಂಡತಿ ಪುರಸಭೆ ಸದಸ್ಯೆಯಾದರೆ ಸಭೆಗೆ ಅವಳ ಜೊತೆ ನಾನೂ ಹೋಗಿ ಕೂರಬಹುದೇ? ಅವಳಿಗೆ ಮಾತಾಡಿ ಅಭ್ಯಾಸವಿಲ್ಲ.
— ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಕೂರಬಾರದು. ಸಭೆಯಲ್ಲಿ ಕೂರುವ ಹಕ್ಕು ಗೆದ್ದವರಿಗೆ ಮಾತ್ರ. ನಮ್ಮ ರಾಜ್ಯದ ಊರಾಡಳಿತದಲ್ಲಿ ಅರ್ಧ ಸೀಟು ಹೆಂಗಸರಿಗೆ ಮೀಸಲಿರುವುದು ಅವರು ಮಾತಾಡಲಿ ಅಂತಲೇ. ಅಭ್ಯಾಸ ಇಲ್ಲ ಅಂದಿರಿ. ಅಭ್ಯಾಸ ಆಗುವುದು ಹೇಗೆ, ನೀವೇ ಹೇಳಿ? ಮೊದಲ ಸಭೆಯಲ್ಲಿ ನನ್ನ ಗಂಟಲೂ ಒಣಗಿತ್ತು. ಕೇಳಬೇಕಾದ ಎರಡು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿದೆ. ಅದನ್ನು ನಡಾವಳಿಯಲ್ಲಿ ಬರೆದುಕೊಂಡರು, ಮುಂದಿನ ಸಭೆಯಲ್ಲಿ ಉತ್ತರ ಕೊಡಲೇಬೇಕಾಯಿತು.

ನಿಮಗೆ ಸಹಾಯ ಮಾಡುವ ಮನಸ್ಸಿದ್ದರೆ ಮನೆಯಲ್ಲೇ ಬೇಕಾದಷ್ಟು ಕೆಲಸವಿದೆ. ಸಭೆಯ ದಿನ ಅಡುಗೆ ನೀವು ಮಾಡಿ, ಮಕ್ಕಳನ್ನು ಶಾಲೆಯಿಂದ ಕರೆದುಕೊಂಡು ಬನ್ನಿ. ಹಿಂದಿನ ಸಭೆಯ ನಡಾವಳಿಯನ್ನು ರಾತ್ರಿ ಇಬ್ಬರೂ ಕೂತು ಓದಿ. ವಾರ್ಡಿನವರು ನಿಮಗೆ ಫೋನ್ ಮಾಡಿದರೆ ‘ಒಂದು ನಿಮಿಷ, ಮೆಂಬರ್ ಇದ್ದಾರೆ’ ಅಂತ ಫೋನನ್ನು ಅವರ ಕೈಗೆ ಕೊಡಿ.