ಗುಜರಿ ಲೋಹದ ಒಡವೆ ಬ್ರ್ಯಾಂಡ್: ವಿನ್ಯಾಸಕ್ಕಿಂತ ಮೊದಲು ಸೀಸದ ಲೆಕ್ಕ
ನೈರೋಬಿಯಲ್ಲಿದ್ದೀರಿ, ಒಡವೆ ಕೆಲಸವನ್ನು ಯಾರ ಹತ್ತಿರವೂ ಕಲಿತಿಲ್ಲ, ಅಲ್ಲಿನ ಕಿಬೇರಾ ಕೊಳೆಗೇರಿಯ ಎರಕದವರಿಂದ ಹಳೇ ಬೀಗ, ನಲ್ಲಿ ಕರಗಿಸಿ ಬಳೆ, ಓಲೆ ಮಾಡಿಸಿ ಯುರೋಪಿಗೆ ಮಾರಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಲೋಹದಿಂದ ಶುರು ಮಾಡಿ. ಲೇತಿನಲ್ಲಿ ಸಲೀಸಾಗಿ ಕಡಿಯಲಿ ಅಂತ ನಲ್ಲಿ, ಬೀಗಗಳ ಹಿತ್ತಾಳೆಗೆ ಸಾಮಾನ್ಯವಾಗಿ 2-3% ಸೀಸ ಬೆರೆಸಿರುತ್ತಾರೆ. ಯುರೋಪಿಯನ್ ಒಕ್ಕೂಟದಲ್ಲಿ 2013ರ ಅಕ್ಟೋಬರ್‌ನಿಂದ ಒಡವೆಯ ಯಾವ ಬಿಡಿಭಾಗದಲ್ಲೂ ಸೀಸ 0.05% ಮುಟ್ಟುವಂತಿಲ್ಲ. ಅಂದರೆ ಕಿಲೋಗೆ ಅರ್ಧ ಗ್ರಾಂ. 30 ಗ್ರಾಂ ತೂಗುವ ಒಂದು ನಲ್ಲಿ ತುಂಡು ಮೂಸೆಗೆ (ಲೋಹ ಕರಗಿಸುವ ಪಾತ್ರೆಗೆ) ಬಿದ್ದರೆ ಒಂದು ಕಿಲೋ ಶುದ್ಧ ಲೋಹವೂ ಕೆಟ್ಟಿತು. ಮೇಲೆ ಚಿನ್ನದ ಗಿಲೀಟು ಕೊಟ್ಟರೂ ಪ್ರಯೋಜನವಿಲ್ಲ, ಲೆಕ್ಕಕ್ಕೆ ಬರುವುದು ಒಳಗಿನ ಲೋಹ. ಬೀಗ ಕರಗಿಸಿದ ಬಳೆ ಅಂದರೆ ಗಿರಾಕಿಗೆ ಇಷ್ಟವಾಗುತ್ತದೆ, ಗೊತ್ತು. ಆದರೆ ಒಲೆ ಮುಂದೆ ಕೂತವರ ರಕ್ತಕ್ಕೆ ಸೀಸ ಸೇರಿಸುವ ಒಡವೆಯನ್ನು ಪರಿಸರಸ್ನೇಹಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಅದರ ಬದಲು ಹಳೇ ಕರೆಂಟ್ ವೈರಿನ ತಾಮ್ರ ತಗೊಳ್ಳಿ, ಅದು ಬಹುತೇಕ ಶುದ್ಧ. ಪ್ಲಾಸ್ಟಿಕ್ ಸುಲಿಯಬೇಕು, ಸುಡಬಾರದು, ಆ ಹೊಗೆ ವಿಷ. ಬೆಸುಗೆ ಹತ್ತಿದ ತುದಿಗಳನ್ನು ಕತ್ತರಿಸಿ ಎಸೆಯಿರಿ, ಸೀಸ ಒಳಗೆ ಬರುವುದು ಅಲ್ಲಿಂದಲೇ. ಲೈಸೆನ್ಸ್ ಇರುವ ಗುಜರಿಯವರಿಂದ ರಸೀದಿ ಸಮೇತ ಕೊಳ್ಳಿ. ವಿದ್ಯುತ್ ಕಂಬ, ತಂತಿಗಳ ಕಳ್ಳತನದಿಂದಾಗಿ 2022ರ ಜನವರಿಯಲ್ಲಿ ಕೀನ್ಯಾ ಸರ್ಕಾರ ಗುಜರಿ ವ್ಯಾಪಾರವನ್ನೇ ಕೆಲವು ತಿಂಗಳು ನಿಲ್ಲಿಸಿತ್ತು.

850 ಗ್ರಾಂ ತಾಮ್ರಕ್ಕೆ 150 ಗ್ರಾಂ ಸತು ಹಾಕಿದರೆ ಚಿನ್ನಕ್ಕೆ ಹತ್ತಿರದ, ಸ್ವಲ್ಪ ಕೆಂಪುಛಾಯೆಯ ಹಿತ್ತಾಳೆ ಬರುತ್ತದೆ. ಸತುವಿನಲ್ಲಿ ಒಂದಿಷ್ಟು ಹೊಗೆಯಾಗಿ ಹೋಗುತ್ತದೆ, ಹಾಗಾಗಿ 165 ಗ್ರಾಂ ತೂಗಿಕೊಳ್ಳಿ. ಸತು ಹೊಸ ಗಟ್ಟಿಯೇ ಆಗಲಿ, ಗುಜರಿಯಲ್ಲಿ ಸಿಗುವ, ಅಚ್ಚಿಗೆ ಹೊಯ್ದ ಸತುವಿನ ಸಾಮಾನಿನಲ್ಲಿ ಅಲ್ಯೂಮಿನಿಯಂ ಬೆರೆತಿರುತ್ತದೆ. ತಾಮ್ರ ಕರಗುವುದು 1085 ಡಿಗ್ರಿಗೆ, ಸತು ಕುದಿಯುವುದು 907ಕ್ಕೆ. ಕಷ್ಟವೆಲ್ಲ ಈ ಎರಡು ಅಂಕಿಗಳಲ್ಲಿದೆ. ಮೊದಲು ತಾಮ್ರ ಕರಗಿಸಿ, ಮೇಲೆ ಇದ್ದಿಲ ಪುಡಿ ಮುಚ್ಚಿ, ಬಿಸಿ ಮಾಡಿ ಒಣಗಿಸಿದ ಸತುವನ್ನು ತಾಮ್ರದ ತಗಡಿನಲ್ಲಿ ಸುತ್ತಿ ಇಕ್ಕಳದಿಂದ ತಳದವರೆಗೆ ಅದುಮಿ. ಬಿಳಿ ಹೊಗೆ ಏಳುತ್ತದೆ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವಂತೆ ನಿಲ್ಲಿ, ಬಯಲಲ್ಲೇ ಮಾಡಿ. ಆ ಹೊಗೆ ಕುಡಿದವರಿಗೆ ಸಂಜೆಗೆ ಚಳಿಜ್ವರ ಗ್ಯಾರಂಟಿ. ಹಾಲು ಕುಡಿದರೆ ಹೋಗುತ್ತದೆ ಅನ್ನುವುದು ಬರೀ ನಂಬಿಕೆ.

ಪ್ರತಿ ಕರಗಿಸುವಿಕೆಯಲ್ಲೂ ನಾಣ್ಯದಷ್ಟು ಲೋಹ ಬೇರೆ ಹೊಯ್ದಿಟ್ಟು ತಾರೀಖು ಕೊರೆಯಿರಿ. ಅದನ್ನು ಎಕ್ಸ್‌ಆರ್‌ಎಫ್ ಪರೀಕ್ಷೆಗೆ (ಎಕ್ಸ್-ರೇ ಹಾಯಿಸಿ ಯಾವ ಲೋಹ ಎಷ್ಟಿದೆ ಅಂತ ಅಳೆಯುವುದು) ಕೊಡಿ. ಯಾವ ದಿನ, ಯಾರಿಂದ, ಎಷ್ಟು ಕಿಲೋ ಅನ್ನುವ ಪುಸ್ತಕ ಇಡಿ. ವಿದೇಶದ ಖರೀದಿದಾರರು ಫೋಟೋ ನೋಡಿ ಮೆಚ್ಚುತ್ತಾರೆ, ಆದರೆ ಆರ್ಡರ್ ಕೊಡುವ ಮುಂಚೆ ಕೇಳುವುದು ಈ ಪುಸ್ತಕ.

ಇನ್ನು ಎರಕ. ಮರಳಚ್ಚಿನಲ್ಲಿ ಹೊಯ್ದದ್ದು ಹೆಚ್ಚಾಗಿ ಕೆಡುವುದು ತೇವದಿಂದ. ಮರಳನ್ನು ಮುಷ್ಟಿಯಲ್ಲಿ ಹಿಚುಕಿ ಕೈ ಬಿಚ್ಚಿ: ಬೆರಳ ಗುರುತು ಚೊಕ್ಕವಾಗಿ ಮೂಡಿರಬೇಕು, ಮುದ್ದೆ ಮುರಿದರೆ ಎರಡೇ ತುಂಡಾಗಬೇಕು, ಅಂಗೈಗೆ ಒದ್ದೆ ಹತ್ತಬಾರದು. ಪುಡಿಯಾದರೆ ನೀರು ಕಮ್ಮಿ. ಅಂಗೈ ಒದ್ದೆಯಾದರೆ ಆವಿ ಎದ್ದು ಒಡವೆಯ ಮೈಯೆಲ್ಲ ತೂತು. ಲೋಹ ಆರುವಾಗ ಸುಮಾರು 1.5% ಕುಗ್ಗುತ್ತದೆ, ಆದ್ದರಿಂದ 65 ಮಿ.ಮೀ. ಬಳೆಗೆ ಮರಳಲ್ಲಿ ಒತ್ತುವ ಮಾದರಿ 66 ಮಿ.ಮೀ. ಇರಲಿ. 1.5 ಮಿ.ಮೀ.ಗಿಂತ ತೆಳುವಾದರೆ ಲೋಹ ಅಂಚು ಮುಟ್ಟುವ ಮುಂಚೆಯೇ ಗಟ್ಟಿಯಾಗುತ್ತದೆ. ಮೂಸೆಯ ಕೆಳಗೆ ಒಣಮರಳು ಹಾಸಿ. ಬರೀ ಸಿಮೆಂಟ್ ನೆಲದ ಮೇಲೆ ಕರಗಿದ ಲೋಹ ಚೆಲ್ಲಿದರೆ ನೆಲವೇ ಸಿಡಿಯುತ್ತದೆ.

ಓಲೆ ಒಂದಕ್ಕೆ 10 ಗ್ರಾಂ ದಾಟಿಸಬೇಡಿ, ಕಿವಿ ಜಗ್ಗುತ್ತದೆ. ಕಿವಿಯೊಳಗೆ ಹೋಗುವ ಕಡ್ಡಿ ಬೆಳ್ಳಿಯದೋ ಟೈಟಾನಿಯಂನದೋ ಆಗಿರಲಿ. ಮಾಸಿದ ಹಿತ್ತಾಳೆಗೆ ಹುಣಸೆಹಣ್ಣು ಸಾಕೆಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದನ್ನೇ ಒಂದು ಸಾಲು ಬರೆದು ಡಬ್ಬಿಯೊಳಗೆ ಇಡಿ.

ಕೀನ್ಯಾದ ಮಸಾಯಿ ಬುಡಕಟ್ಟಿನವರು ಪೋಣಿಸುವ ಮಣಿ ಸೇರಿಸುವ ಯೋಚನೆ ಇದ್ದರೆ, ಆ ಗಾಜಿನ ಮಣಿಗಳಲ್ಲಿ ಬಹಳಷ್ಟು ಚೆಕ್ ದೇಶದಿಂದ ಬರುತ್ತವೆ. ಪೋಣಿಸುವ ಕೈ ಆಫ್ರಿಕಾದ್ದು, ಗಾಜು ಅಲ್ಲ. ಹಾಗೇ ಬರೆಯಿರಿ. ಅಂಕೋಲೆ (ಪೂರ್ವ ಆಫ್ರಿಕಾದ ಉದ್ದ ಕೊಂಬಿನ ತಳಿ) ದನದ ಕೊಂಬು ಬಳಸಿದರೆ ಕಸಾಯಿಖಾನೆಯ ರಸೀದಿ ಮತ್ತು ಪಶುವೈದ್ಯರ ಪತ್ರ ಎರಡೂ ಪಾರ್ಸೆಲ್ ಜೊತೆ ಹೋಗಲಿ, ಇಲ್ಲದಿದ್ದರೆ ಕಸ್ಟಮ್ಸ್‌ನಲ್ಲೇ ಕೂರುತ್ತದೆ.

ಕೂಲಿ ವಿಚಾರ. ಹತ್ತು ಬಳೆ ಮಾಡಿಸಿ, ಎರಕದಿಂದ ಪಾಲಿಶ್‌ವರೆಗೆ ಗಡಿಯಾರ ನೋಡಿ ಸಮಯ ಬರೆದುಕೊಂಡು, ಆಮೇಲೆ ಕೆಲಸದವರ ಜೊತೆ ಕೂತು ಒಂದು ಬಳೆಗೆ ಇಷ್ಟು ಅಂತ ದರ ಮಾಡಿ. ಅರ್ಧ ಹಣ ಮುಂಗಡ ಎಂಪೆಸಾದಲ್ಲಿ (ಕೀನ್ಯಾದ ಮೊಬೈಲ್ ಹಣ ಸೇವೆ) ಕಳಿಸಿ, ಇದ್ದಿಲಿಗೂ ತಾಮ್ರಕ್ಕೂ ಅವರು ಸಾಲ ಮಾಡುವಂತಾಗಬಾರದು. ಮಾದರಿ ತೀರಾ ತೆಳುವಾಗಿ ಎರಕ ಕೆಟ್ಟರೆ ಅದು ನಿಮ್ಮ ತಪ್ಪು, ಆ ತುಂಡಿಗೂ ಕೂಲಿ ಕೊಡಬೇಕು.