ಯುಎಸ್‌ಎನ್ ಅನ್ನೇ ಪ್ರೈಮರಿ ಕೀ ಮಾಡುವ ಬಗ್ಗೆ

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿನ ಡೇಟಾಬೇಸ್‌ನಲ್ಲಿ, ವಿದ್ಯಾರ್ಥಿ ಟೇಬಲ್‌ಗೆ ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಸಂಖ್ಯೆ) ಅನ್ನೇ ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಕಾಲಂ) ಮಾಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅದು ಕೈಗೆ ಬರುವುದು ಅಡ್ಮಿಷನ್ ಮುಗಿದ ಎಷ್ಟೋ ದಿನಗಳ ಮೇಲೆ. ಅಷ್ಟರೊಳಗಿನ ಶುಲ್ಕದ ರಸೀದಿ, ಹಾಜರಿಯನ್ನು ಯಾವುದಕ್ಕೆ ಜೋಡಿಸುತ್ತೀರಿ? ತಾತ್ಕಾಲಿಕ ನಂಬರ್ ಕೊಟ್ಟು ಆಮೇಲೆ ಬದಲಿಸಹೊರಟರೆ ಫಾರಿನ್ ಕೀ ಮೂಲಕ ಅದನ್ನು ಉಲ್ಲೇಖಿಸುವ ಟೇಬಲ್‌ಗಳನ್ನೆಲ್ಲ ತಿದ್ದಬೇಕಾಗುತ್ತದೆ.

ತಾನಾಗಿ ಏರುವ ಒಂದು ಐಡಿ ಇಡಿ. ಯುಎಸ್‌ಎನ್ ಬೇರೆ ಕಾಲಂ ಆಗಿರಲಿ, ಅದಕ್ಕೆ ಯೂನಿಕ್ (ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆಯುವ ನಿಯಮ) ಹಾಕಿ. ಬರುವತನಕ ಅಲ್ಲಿ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಇರಲಿ. ಖಾಲಿ ಸ್ಟ್ರಿಂಗ್ ಹಾಕಿದರೆ ಎರಡನೇ ವಿದ್ಯಾರ್ಥಿಗೇ ಡೂಪ್ಲಿಕೇಟ್ ಎರರ್ ಬರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಎಷ್ಟು ನಲ್ ಇದ್ದರೂ ಯೂನಿಕ್ ತಕರಾರು ಮಾಡುವುದಿಲ್ಲ.

ಸಬ್ಜೆಕ್ಟ್ ಟೇಬಲ್‌ನಲ್ಲಿ ಸ್ಕೀಮ್ ವರ್ಷವೂ (ಯಾವ ವರ್ಷದ ಪಠ್ಯಕ್ರಮ ಎಂಬುದು: 2018, 2021, 2022 ಹೀಗೆ) ಬೇಕೇ ಬೇಕು, ಬ್ಯಾಕ್‌ಲಾಗ್‌ನವರಿಗೆ (ಹಿಂದಿನ ವಿಷಯ ಪಾಸಾಗದೆ ಉಳಿದವರಿಗೆ) ಹಳೆಯ ಕೋಡ್‌ಗಳು ಬೇಕಾಗುತ್ತವೆ. ಹಾಜರಿಯ ಶೇಕಡಾವಾರನ್ನು ಸೇವ್ ಮಾಡಬೇಡಿ. ಪ್ರತಿ ತರಗತಿಗೆ ಒಂದೊಂದು ಸಾಲು ಇಟ್ಟು, ಕನಿಷ್ಠ ಹಾಜರಿಯಾದ ಶೇ. 85ರ ಲೆಕ್ಕವನ್ನು ಕ್ವೆರಿಯಲ್ಲೇ ತೆಗೆಯಿರಿ.