ಅಲ್ಬೇನಿಯಾದ ಫುಟ್‌ಬಾಲ್ ಆಟಗಾರ ಲೋರಿಕ್ ಕಾನಾ ಅಷ್ಟೊಂದು ಕ್ಲಬ್ ಬದಲಾಯಿಸಿದ್ದಾನಲ್ಲ, ಅವನನ್ನು ದೊಡ್ಡ ಆಟಗಾರ ಅನ್ನಬಹುದಾ?

ಅನ್ನಬಹುದು. ಪ್ಯಾರಿಸ್, ಮಾರ್ಸೇ, ಸಂಡರ್‌ಲ್ಯಾಂಡ್, ಗಲಾಟಸರಾಯ್, ಲಾಜಿಯೊ, ನಾಂಟ್ ಅಂತ ಪಟ್ಟಿ ಉದ್ದ ಇದೆ, ನಿಜ. ಆದರೆ ಮಾರ್ಸೇ ಮತ್ತು ಲಾಜಿಯೊದಲ್ಲಿ ನಾಲ್ಕು ನಾಲ್ಕು ವರ್ಷ ಆಡಿದವನು ಅವನು. (ಅಲ್ಬೇನಿಯನ್ನರು ಆ ಹೆಸರನ್ನು ‘ತ್ಸಾನಾ’ ಅನ್ನುತ್ತಾರೆ. ನನಗೆ ಕಾಮೆಂಟರಿಯ ‘ಕಾನಾ’ನೇ ರೂಢಿಯಾಗಿಬಿಟ್ಟಿದೆ.)

ಹುಟ್ಟಿದ್ದು 1983ರಲ್ಲಿ, ಕೊಸೊವೊದ ಪ್ರಿಸ್ಟಿನಾದಲ್ಲಿ. ಬೆಳೆದದ್ದು ಸ್ವಿಟ್ಜರ್‌ಲೆಂಡ್‌ನ ಲೊಸಾನ್‌ನಲ್ಲಿ. ಅಪ್ಪನೂ ಫುಟ್‌ಬಾಲ್ ಆಟಗಾರ. 2003ರಲ್ಲಿ ಅಲ್ಬೇನಿಯಾ ಪರ ಮೊದಲ ಸಲ ಮೈದಾನಕ್ಕೆ ಇಳಿದಿದ್ದು ಜಿನೀವಾದಲ್ಲಿ, ಅದೂ ಸ್ವಿಟ್ಜರ್‌ಲೆಂಡ್ ವಿರುದ್ಧವೇ.

ಅವನ ಕಥೆಯಲ್ಲಿ ನನಗೆ ಇಷ್ಟವಾದ ಊರು ಮಾರ್ಸೇ. ಪ್ಯಾರಿಸ್ ತಂಡಕ್ಕೂ ಮಾರ್ಸೇಗೂ ಎಣ್ಣೆ ಸೀಗೆಕಾಯಿ ಸಂಬಂಧ. 2005ರಲ್ಲಿ ಅವನು ಅಲ್ಲಿಂದ ಇಲ್ಲಿಗೆ ಬಂದ. ಜನ ಮುಖ ಸಿಂಡರಿಸಬೇಕಿತ್ತು, ಅಲ್ವಾ? ಆದರೆ ಆ ಅಕ್ಟೋಬರ್‌ನಲ್ಲೇ ಹಳೇ ಕ್ಲಬ್ ವಿರುದ್ಧದ ಪಂದ್ಯದ ಒಂದೇ ಒಂದು ಗೋಲು ಇವನದು. ಮುಂದೆ ಕ್ಯಾಪ್ಟನ್ ಕೂಡ ಆದ. ಡಿಫೆನ್ಸಿವ್ ಮಿಡ್‌ಫೀಲ್ಡರ್. ಚಂದದ ಆಟ ಅವನದಲ್ಲ, ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವುದೇ ಕೆಲಸ. ಅದೃಷ್ಟ ಮಾತ್ರ ಕೈಕೊಟ್ಟಿತು. 2006, 2007, ಎರಡೂ ವರ್ಷ ಫ್ರೆಂಚ್ ಕಪ್ ಫೈನಲ್‌ನಲ್ಲಿ ಮಾರ್ಸೇ ಸೋತಿತು, ಮೊದಲನೆಯದು ಪ್ಯಾರಿಸ್ ಕೈಯಲ್ಲೇ! 2009ರಲ್ಲಿ ಅವನು ಬಿಟ್ಟು ಹೋದ. ಮರು ಸೀಸನ್‌ನಲ್ಲೇ ಮಾರ್ಸೇ ಲೀಗ್ ಗೆದ್ದಿತು.

ಸಂಡರ್‌ಲ್ಯಾಂಡ್, ಗಲಾಟಸರಾಯ್ ಒಂದೊಂದು ಸೀಸನ್ ಅಷ್ಟೆ. ಲಾಜಿಯೊದಲ್ಲಿದ್ದಾಗ 2013ರ ಇಟಲಿ ಕಪ್ ಸಿಕ್ಕಿತು, ಫೈನಲ್‌ನಲ್ಲಿ ಸೋತಿದ್ದು ಅದೇ ರೋಮ್ ನಗರದ ಇನ್ನೊಂದು ಕ್ಲಬ್ ರೋಮಾ.

ಇನ್ನು ಯೂರೊ 2016, ಅಂದರೆ ಯುರೋಪಿನ ದೇಶಗಳ ಫುಟ್‌ಬಾಲ್ ಚಾಂಪಿಯನ್‌ಷಿಪ್. ಅಲ್ಬೇನಿಯಾಕ್ಕೆ ಅದೇ ಮೊದಲ ದೊಡ್ಡ ಟೂರ್ನಿ, ಇವನೇ ಕ್ಯಾಪ್ಟನ್. ನಮ್ಮಲ್ಲಿ ಸಂಜೆ ಆರೂವರೆಗೆ ಪಂದ್ಯ, ಕಾಫಿ ಹಿಡಿದು ಟಿವಿ ಮುಂದೆ ಕೂತಿದ್ದೆ. ಎದುರಿಗೆ ಮತ್ತೆ ಸ್ವಿಟ್ಜರ್‌ಲೆಂಡ್. 36ನೇ ನಿಮಿಷದಲ್ಲಿ ಜಾರಿ ಬಿದ್ದವನು ಚೆಂಡನ್ನು ಕೈಯಿಂದ ತಡೆದ. ಎರಡನೇ ಹಳದಿ ಕಾರ್ಡ್, ಆಚೆ ನಡಿ. ಮುಂದಿನ ಪಂದ್ಯಕ್ಕೂ ನಿಷೇಧ. ಆ ಪಂದ್ಯ ನಡೆದದ್ದು ಎಲ್ಲಿ ಗೊತ್ತಾ? ಮಾರ್ಸೇಯಲ್ಲಿ, ಅವನದೇ ಹಳೇ ಮೈದಾನದಲ್ಲಿ, ಫ್ರಾನ್ಸ್ ವಿರುದ್ಧ. ಮಧ್ಯರಾತ್ರಿ ದಾಟಿದ ಮೇಲೆ ಶುರುವಾದ ಆ ಪಂದ್ಯ ನೋಡುವಾಗ ನನಗೆ ಆಟಕ್ಕಿಂತ ಇವನ ಯೋಚನೆಯೇ ಜಾಸ್ತಿ ಆಗಿತ್ತು.

ರೊಮೇನಿಯಾ ವಿರುದ್ಧದ ಕೊನೇ ಪಂದ್ಯಕ್ಕೆ ಬದಲಿ ಆಟಗಾರನಾಗಿ ಬಂದ, 83ನೇ ನಿಮಿಷದಲ್ಲಿ. ಅಲ್ಬೇನಿಯಾ 1-0 ಗೆದ್ದಿತು, ಆದರೂ ಮುಂದಿನ ಸುತ್ತು ಸಿಗಲಿಲ್ಲ. ಅದು ದೇಶಕ್ಕಾಗಿ ಅವನ 93ನೇ ಪಂದ್ಯ, ಆಗಿನ ದಾಖಲೆ. ಅದೇ ವರ್ಷ ಆಟ ಬಿಟ್ಟ.